ಓದುವವಳ ಪಾಲು

ಗಂಜಿಗೆ ಕೂತ ಮೇಲೆ ಜಗಳ ತೆಗೆಯಬಾರದು ಎಂಬುದು ಕಾಂತಿಯ ಮನೆಯ ಕಟ್ಟಳೆ. ಅದನ್ನು ಮುರಿದವಳು ಮಗಳು ಸ್ವರ್ಣಲತಾ, ಅದೂ ಅಪರೂಪಕ್ಕೆ ಬೂತಾಯಿ ಸಾರು ಮಾಡಿದ ದಿನ.

"ಈ ಸಲ ಮಂಡಲದ ಅಧ್ಯಕ್ಷತೆಗೆ ನಾನು ನಿಲ್ತೇನೆ," ಅಂದಳು.

ಮೀನಿನ ಮುಳ್ಳು ಬಿಡಿಸುತ್ತಿದ್ದ ಅಣ್ಣ ಕಮಲಾಕ್ಷನ ಕೈ ನಿಂತಿತು. "ಯಾವ ಮಂಡಲ?"

"ಊರಲ್ಲಿ ಎಷ್ಟು ಉಂಟು? ಕೊಡಂಗೆ ಯುವಕ ಮಂಡಲ."

"ಯುವಕ ಮಂಡಲ ತಂಗಿ, ಯುವಕ. ಬೋರ್ಡು ಓದಿಲ್ವಾ ನೀನು?"

"ಹೋದ ವರ್ಷ ಚಂದಾ ಬೇಕಾದಾಗ ಆ ಬೋರ್ಡು ನಿಮಗೆ ಅಡ್ಡ ಬರಲಿಲ್ಲ. ಹೆಂಗಸರ ಕೈಯಿಂದ ಒಂದೊಂದು ರೂಪಾಯಿ ತೆಗೆದುಕೊಂಡು ಸದಸ್ಯರು ಅಂತ ರಶೀದಿ ಹರಿದು ಕೊಟ್ಟವನು ಯಾರು? ನೀನೇ ಅಲ್ವಾ ಕಾರ್ಯದರ್ಶಿ?"

ಬಾಗಿಲ ಬಳಿ ಕೂತಿದ್ದ ಶಂಭುವಿಗೆ ಗಂಜಿ ನೆತ್ತಿಗೇರಿತು. ಅವನು ಕಾಂತಿಯ ತಮ್ಮ, ಮಕ್ಕಳಿಗೆ ಸೋದರಮಾವ, ಹೆಸರಿಗೆ ಮನೆಯ ಯಜಮಾನ. ಬೆಳಿಗ್ಗೆ ಸಂಜೆ ತಾಳೆ ಮರ ಹತ್ತಿ ಕಳ್ಳು ಇಳಿಸುವುದು ಅವನ ಕೆಲಸ. ಉಳಿದ ಹೊತ್ತಿನಲ್ಲಿ ಎಲ್ಲರನ್ನೂ ಚುಚ್ಚುವುದು.

"ನೋಡು ಅಕ್ಕ," ಅಂದ ಕೆಮ್ಮಿ ಸುಧಾರಿಸಿಕೊಂಡು. "ಕುಟುಂಬ ಹೆಣ್ಣಿಂದ, ಮನೆ ಹೆಣ್ಣಿಂದ, ದೈವಕ್ಕೆ ಎಲೆ ಹಾಕುವುದು ಕೂಡ ಹೆಣ್ಣಿನ ಕಡೆಯವರು ಅಂತ ಹೇಳುವ ಜಾತಿ ನಮ್ಮದು. ಮಂಡಲದ ಕೇರಂ ಬೋರ್ಡು ಮಾತ್ರ ಗಂಡಸರದ್ದು!"

"ನೀನು ಸುಮ್ಮನೆ ಉಣ್ಣು ಶಂಭು," ಅಂದಳು ಕಾಂತಿ. "ಸ್ವರ್ಣಾ, ನಿನಗೂ ಎಂತ ಮರ್ಲು ಹಿಡಿದದ್ದಾ? ಅಧ್ಯಕ್ಷತೆ ತಿಂದರೆ ಹೊಟ್ಟೆ ತುಂಬ್ತದಾ?"

"ನನ್ನ ಹೊಟ್ಟೆಗಲ್ಲಮ್ಮ. ಬೀಡಿ ಕಟ್ಟುವವರ ಕೈಗೆ ಪಾಸುಪುಸ್ತಕ ಬರ್ತದೆ."

ತುರ್ತು ಪರಿಸ್ಥಿತಿ ಮುಗಿದು, ದೆಹಲಿಯಲ್ಲಿ ಸರಕಾರ ಬದಲಾಗಿ, ಹಳ್ಳಿಹಳ್ಳಿಗೆ ವಯಸ್ಕರ ಶಿಕ್ಷಣದ ಸ್ಲೇಟು ಬಂದಿದ್ದ ಕಾಲ ಅದು. ವಾಮದಪದವಿನ ಪೇಟೆಯಿಂದ ಒಳಗೆ, ಬಸ್ಸು ಹೋಗದ ಕೊಡಂಗೆಯಲ್ಲಿ ಹೆಂಗಸರೆಲ್ಲ ಬೀಡಿ ಕಟ್ಟುವವರು. ಎಲೆ, ಹೊಗೆಸೊಪ್ಪು, ನೂಲು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚು ಪೇಟೆಯ ರಮಾನಾಥನದ್ದು. ಕಟ್ಟುವ ಕೈಗಳು ಎಷ್ಟೋ, ಅವನು ಕೊಟ್ಟ ಪಾಸುಪುಸ್ತಕಗಳು ಕೆಲವೇ ಕೆಲವು. ಪುಸ್ತಕದಲ್ಲಿ ಹೆಸರಿಲ್ಲದವಳು ಕಂಪೆನಿಯ ಲೆಕ್ಕದಲ್ಲಿ ಹುಟ್ಟೇ ಇಲ್ಲ; ಬೋನಸ್ಸಿಲ್ಲ, ರಜೆಯಿಲ್ಲ, ಕೆಮ್ಮಿ ಸತ್ತರೆ ಕೇಳುವವರಿಲ್ಲ. ಮಂಡಲದ ಸೀಲು ಹಾಕಿ ಬಂಟ್ವಾಳಕ್ಕೆ ಒಂದು ಅರ್ಜಿ ಹೋದರೆ ಕಾರ್ಮಿಕ ಇಲಾಖೆಯವರು ಬಂದು ನೋಡಲೇಬೇಕು ಎಂದು ಸ್ವರ್ಣಲತಾ ಪತ್ರಿಕೆಯಲ್ಲಿ ಓದಿದ್ದಳು. ಆ ಸೀಲು ಇರುವುದು ಅಧ್ಯಕ್ಷರ ಪೆಟ್ಟಿಗೆಯಲ್ಲಿ. ಅವಳಿಗೆ ಬೇಕಾದದ್ದು ಅಷ್ಟೇ.

ಮಧ್ಯಾಹ್ನದ ಗಂಜಿ ಮುಗಿಸಿ ಹೆಂಗಸರು ಕಾಂತಿಯ ಜಗಲಿಗೆ ಬರುವುದು ಎರಡು ವರ್ಷದಿಂದ ನಡೆದು ಬಂದ ರೂಢಿ. ಪ್ರತಿಯೊಬ್ಬಳ ಮಡಿಲಲ್ಲೂ ಮೊರದಂಥ ಬಿದಿರಿನ ತಡ್ಪೆ, ತಡ್ಪೆಯಲ್ಲಿ ಕತ್ತರಿಸಿದ ಎಲೆ. ಸ್ವರ್ಣಲತಾ ಕಂಬಕ್ಕೆ ಒರಗಿ ಕೂತು ಹಿಂದಿನ ದಿನದ ಪತ್ರಿಕೆ ಓದುವಳು. ಓದುವಾಗ ಅವಳ ಕೈ ಬೀಡಿ ಕಟ್ಟುವುದಿಲ್ಲವಲ್ಲ, ಅದಕ್ಕೆ ಹೋಗುವಾಗ ಒಬ್ಬೊಬ್ಬಳು ಒಂದೊಂದು ಕಟ್ಟು ಬೀಡಿ ಅವಳ ಪಾಲಿಗೆಂದು ಇಟ್ಟು ಹೋಗಬೇಕು. ಹಾಗೆಂದು ಮೊದಲು ಹೇಳಿದವಳು ಆಚೆ ಮನೆಯ ಜುಲೈಕಾ. "ನಿನ್ನ ಬಾಯಿ ನಮಗೆ, ನಮ್ಮ ಕೈ ನಿನಗೆ ಮಗಳೇ," ಅಂದಿದ್ದಳು.

ಆ ಕಟ್ಟುಗಳನ್ನು ತೆಗೆದುಕೊಳ್ಳುತ್ತಿದ್ದವಳು ಕಾಂತಿ. ಓದಿ ಮುಗಿಸಿದ ಕೂಡಲೇ ಸ್ವರ್ಣಲತಾ ಕೊಡ ಹಿಡಿದು ಬಾವಿಗೆ ಹೋಗುವಳು. ಕಾಂತಿ ಬುಟ್ಟಿ ಹಿಡಿದು ಮೆಟ್ಟಿಲಲ್ಲಿ ನಿಲ್ಲುವಳು.

ಆ ವರ್ಷ ಜಡಿಮಳೆಯ ಆಟಿ ತಿಂಗಳು ಕೆಟ್ಟದಾಗಿ ಬಂದಿತ್ತು. ಶಂಭುವಿಗೆ ಮರ ಹತ್ತಲಾಗಲಿಲ್ಲ, ಎಲೆ ಕೊಳೆತು ಬಂತು, ಕೆಸುವಿನ ಎಲೆ ಬೇಯಿಸಿ ತಿಂದು ಎಲ್ಲರ ಗಂಟಲು ತುರಿಸಿತು. ಒಂದು ಸಂಜೆ ಕಾಂತಿ ಮೆಟ್ಟಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ, "ಆಟಿ ಕಳೆಯುವವರೆಗೆ ಎರಡೆರಡು ಇಡಿ, ಆಯ್ತಾ?" ಅಂದಳು. ಹೆಂಗಸರು ಇಟ್ಟರು. ಆಟಿ ಕಳೆಯಿತು, ಮುಂದಿನ ಸೋಣ ತಿಂಗಳೂ ಕಳೆಯಿತು. ಸಾಕು ಎಂದು ಕಾಂತಿ ಹೇಳಲಿಲ್ಲ, ಸಾಕಾ ಎಂದು ಅವರೂ ಕೇಳಲಿಲ್ಲ. ಹೆಚ್ಚಾದದ್ದು ಅಕ್ಕಿಗೆ ಹೋಯಿತು. ಆಮೇಲೆ ಕಮಲಾಕ್ಷನ ಬಸ್ಸಿಗೆ ಹೋಯಿತು. ಕೊನೆಗೆ ಬಂಟ್ವಾಳದ ದರ್ಜಿ ಹೊಲಿದ ಒಂದು ಟೆರಿಲಿನ್ ಶರ್ಟಿಗೆ ಹೋಯಿತು. ಸ್ವರ್ಣಲತಾಳಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಬೂತಾಯಿ ಸಾರಿನ ಮಾತು ಪೇಟೆಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಮಲಾಕ್ಷ ಬ್ರಾಂಚಿನಿಂದ ಮುಖ ಅರಳಿಸಿಕೊಂಡು ಬಂದ.

"ಅಮ್ಮ, ರಮಾನಾಥ ಧಣಿ ಕರೆದಿದ್ದರು. ನೀನೇ ನಿಲ್ಲು ಕಮಲಾಕ್ಷ, ನಾವೆಲ್ಲ ಉಂಟು ಅಂದರು. ಕುರ್ಚಿಯಲ್ಲಿ ಕೂರಿಸಿ ಚಾ ಕೊಟ್ಟರು."

"ಚಾ ಮಾತ್ರವಾ?" ಶಂಭು ಕೇಳಿದ. "ಬಿಸ್ಕುಟ್ ಇಲ್ವಾ? ಅಷ್ಟು ಅಗ್ಗಕ್ಕೆ ಹೋದ್ಯಲ್ಲ ಮಾರಾಯ."

"ಚೆಕ್ಕರ್ ಕೆಲಸ ಉಂಟು ಮಾವ. ಬೀಡಿ ನೋಡಿ ತೆಗೆದುಕೊಳ್ಳುವ ಕೆಲಸ. ತಿಂಗಳ ಸಂಬಳ."

ಕಾಂತಿ ಒಲೆಯ ಮುಂದಿನಿಂದ ಎದ್ದು ಬಂದಳು. ಮೂಡುಬಿದಿರೆಯ ಕಾಲೇಜಿನಲ್ಲಿ ಪಿಯುಸಿ ಎರಡು ಸಲ ಬರೆದು, ಎರಡು ಸಲವೂ ಬಿದ್ದು ಬಂದ ಮಗ. ಅವನ ಓದಿಗೆಂದು ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಮಗಳನ್ನು ಬೀಡಿಗೆ ಕೂರಿಸಿದ್ದಳು. ಊರವರು "ಏನು ಮಾಡ್ತಾ ಇದ್ದಾನೆ" ಎಂದು ಕೇಳಿದರೆ ಅವಳು ಮಾತು ತಿರುಗಿಸುತ್ತಿದ್ದಳು. ಸಂಬಳ ಎಂಬ ಶಬ್ದ ಆ ಮನೆಯೊಳಗೆ ಬಂದದ್ದು ಅದೇ ಮೊದಲು.

"ನಿಜವಾಗಿ ಹೇಳಿದರಾ?"

"ಮಂಡಲ ನೋಡಿಕೊಳ್ಳುವವನಿಗೆ ಜವಾಬ್ದಾರಿ ಗೊತ್ತಿರ್ತದೆ, ಅಂಥವನೇ ನಮಗೆ ಬೇಕು ಅಂದರು."

ಅಂದರೆ ಗೆದ್ದರೆ ಕೆಲಸ. ಅದನ್ನು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಬಟ್ಟೆ ಒಗೆದು ಬಂದ ಸ್ವರ್ಣಲತಾ ಬಕೆಟು ಕೆಳಗಿಟ್ಟಳು. "ಚೆಕ್ಕರ್ ಆಗಿ ಎಂತ ಮಾಡ್ತೀ ಅಣ್ಣ? ಅಮ್ಮನ ಬೀಡಿ ಎತ್ತಿ ಬಿಸಾಡ್ತೀಯಾ?"

"ಸರಿ ಕಟ್ಟದಿದ್ದರೆ ಬಿಸಾಡ್ತೇನೆ. ಕೆಲಸ ಕೆಲಸವೇ."

"ಹಾಗಾದರೆ ಈಗಲೇ ಕಲಿತುಕೋ. ಅಮ್ಮ ಸುಟ್ಟ ರೊಟ್ಟಿ ಬಿಸಾಡಿ ನೋಡುವ."

ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ತಂಗಿ ಬಡಿಸಿದರೆ ಅಣ್ಣ ತಟ್ಟೆ ಮುಟ್ಟುತ್ತಿರಲಿಲ್ಲ. ಅಣ್ಣನ ಶರ್ಟು ತಂಗಿ ಒಗೆಯುತ್ತಿರಲಿಲ್ಲ. ಒಬ್ಬರಿಗೆ ಬೇಕಾದ ಉಪ್ಪನ್ನು ಇನ್ನೊಬ್ಬರು ಕಾಂತಿಯ ಮೂಲಕ ಕಳಿಸುವುದು. "ನಾನು ಈ ಮನೆಯ ಪೋಸ್ಟ್‌ಮ್ಯಾನಾ?" ಎಂದು ಅವಳು ಸಿಡುಕುವಳು. ಸಂಜೆ ಕಮಲಾಕ್ಷ ವಾಲಿಬಾಲ್ ಹುಡುಗರ ಹಿಂದೆ ತಿರುಗುವನು. ಸ್ವರ್ಣಲತಾ ಮನೆಮನೆಗೆ ಹೋಗಿ ಹೆಂಗಸರ ಹತ್ತಿರ ಮಾತಾಡುವಳು. ಹುಡುಗರಿಗಿಂತ ಬೀಡಿ ಕಟ್ಟುವ ಸದಸ್ಯೆಯರೇ ಹೆಚ್ಚು. ಅವರೆಲ್ಲ ಕೈ ಎತ್ತಿದರೆ ಅವಳು ಗೆದ್ದಂತೆ. ಎತ್ತುತ್ತೇವೆ ಎಂದು ಎಲ್ಲರೂ ಹೇಳಿದ್ದರು.

ಬೀಡಿ ಕೊಡಲು ಬ್ರಾಂಚಿಗೆ ಹೋದ ಒಂದು ದಿನ ರಮಾನಾಥ ತಾನೇ ಮೇಜಿನ ಹತ್ತಿರ ಬಂದ. ಎಂದೂ ಬಾರದವನು. ಕಾಂತಿಯ ಬುಟ್ಟಿಯಿಂದ ನಾಲ್ಕೈದು ಕಟ್ಟು ಎತ್ತಿ, ನೂಲು ಸುತ್ತಿದ ರೀತಿ ನೋಡಿದ. ಬೀಡಿಯ ಬಾಯಿ ಮಡಚುವುದರಲ್ಲಿ, ನೂಲು ಬಿಗಿಯುವುದರಲ್ಲಿ ಒಬ್ಬೊಬ್ಬಳ ಕೈ ಒಂದೊಂದು ಥರ. ಆ ಕಸಬಿನವರಿಗೆ ಅದು ಮುಖದಷ್ಟೇ ಗುರುತು.

"ಇದೆಂತ ಕಾಂತಿ? ನಿನ್ನ ಮನೆಯಲ್ಲಿ ಕಟ್ಟುವವರು ಇಬ್ಬರು. ಬುಟ್ಟಿಯಲ್ಲಿ ಊರಿನ ಎಲ್ಲ ಕೈಯೂ ಉಂಟಲ್ಲ?"

ಕಾಂತಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಬೇರೆಯವರ ಬೀಡಿ ತನ್ನ ಪುಸ್ತಕಕ್ಕೆ ಹಾಕಿದ್ದಕ್ಕೆ ಪುಸ್ತಕವನ್ನೇ ಕಿತ್ತುಕೊಂಡರೆ? "ಇಲ್ಲ ಧಣಿ, ಅದು ಕದ್ದದ್ದಲ್ಲ. ಮಗಳು ಪೇಪರ್ ಓದಿ ಹೇಳ್ತಾಳೆ. ಅದಕ್ಕೆ ಹೆಂಗಸರು ಪ್ರೀತಿಯಿಂದ ಕೊಡುವುದು."

"ಓಹೋ. ಒಂದೊಂದು ಕಟ್ಟಾ?"

"ಎರಡೆರಡು, ಧಣಿ."

"ಒಳ್ಳೇದಾಯ್ತು," ಅಂದ ರಮಾನಾಥ, ಕಟ್ಟುಗಳನ್ನು ಮೆಲ್ಲಗೆ ಬುಟ್ಟಿಗೇ ಇಡುತ್ತ. "ಓದುವ ಹುಡುಗಿಗೆ ಕೊಡಬೇಕಾದ್ದೇ."

ಆ ದಿನ ಅವಳ ಒಂದು ಬೀಡಿಯನ್ನೂ ಬಿಸಾಡಲಿಲ್ಲ. ಅವಳು ಸಂತೋಷದಲ್ಲಿ ಒಣಮೀನು ಕೊಂಡು ಮನೆಗೆ ಬಂದಳು.

ದೀಪಾವಳಿ ಕಳೆದ ಮೇಲಿನ ಆದಿತ್ಯವಾರ ಶಾಲೆಯಲ್ಲಿ ಮಹಾಸಭೆ. ಬೆಳಿಗ್ಗೆ ಕಾಂತಿ ದೋಸೆ ಹೊಯ್ದಳು. ಇಬ್ಬರಿಗೂ ಸಮನಾಗಿ ಬಡಿಸಿ, ಇಬ್ಬರ ತಲೆಯ ಮೇಲೂ ಕೈ ಇಟ್ಟಳು.

"ಈ ಆಶೀರ್ವಾದದಲ್ಲಿ ಯಾರು ಗೆಲ್ಲಬೇಕು ಅಕ್ಕ?" ಶಂಭು ಕೇಳಿದ.

"ನನಗೆ ಮನೆ ಒಡೆಯದಿದ್ದರೆ ಸಾಕು."

"ಮನೆ ಒಡೆಯಬಾರದು ಅಂತಿದ್ದರೆ ಮಗನಿಗೆ ಹೇಳು, ಚೆಕ್ಕರ್ ಕೆಲಸ ಬೇಡ ಅಂತ."

ಕಾಂತಿ ದೋಸೆಕಲ್ಲಿಗೆ ನೀರು ಚಿಮುಕಿಸಿದಳು.

ಮೂವತ್ತೈದು ದಾಟಿದವರು ಸದಸ್ಯರಲ್ಲ. ಹಾಗಾಗಿ ಸಭೆಯ ಹೊತ್ತಿಗೆ ಅವಳು ಶಾಲೆಯ ಜಗಲಿಯಲ್ಲಿ, ಬಾಗಿಲ ಪಕ್ಕದ ಕಂಬದ ಹತ್ತಿರ ನಿಂತಿದ್ದಳು. ಒಳಗೆ ಒಂದು ಬದಿ ಹುಡುಗರು, ಒಂದು ಬದಿ ಹೆಂಗಸರು. ಎದುರಿಗೆ ಮೇಷ್ಟರ ಕುರ್ಚಿಯಲ್ಲಿ ರಮಾನಾಥ. ಮಂಡಲಕ್ಕೆ ಕೇರಂ ಬೋರ್ಡು ಮತ್ತು ಪೆಟ್ರೋಮ್ಯಾಕ್ಸ್ ಕೊಟ್ಟದ್ದಕ್ಕೆ ಗೌರವಾಧ್ಯಕ್ಷ. ಹೆಸರು ಸೂಚಿಸಿದ್ದಾಯಿತು, ಅನುಮೋದಿಸಿದ್ದಾಯಿತು. ಇಬ್ಬರೂ ಎರಡೆರಡು ಮಾತು ಹೇಳಲಿ ಎಂದರು.

ಸ್ವರ್ಣಲತಾ ಪಾಸುಪುಸ್ತಕದ ವಿಷಯ ಹೇಳಿದಳು. ಓದುವಂತೆಯೇ, ನಿಧಾನವಾಗಿ, ಪ್ರತಿ ಮಾತೂ ಹಿಂದಿನ ಸಾಲಿಗೆ ಕೇಳುವಂತೆ. "ಕಟ್ಟಿದವಳ ಹೆಸರಿಗೆ ಪುಸ್ತಕ. ನಮ್ಮ ಕೆಲಸ ನಮ್ಮ ಹೆಸರಲ್ಲಿ. ಬೇರೆ ಎಂತ ಬೇಡ." ಹೆಂಗಸರ ಬದಿಯಲ್ಲಿ ತಲೆಗಳು ಆಡಿದವು. ರಮಾನಾಥ ಕಾಲ ಮೇಲೆ ಕಾಲು ಹಾಕಿದ.

ಕಮಲಾಕ್ಷ ಎದ್ದ. ಟೆರಿಲಿನ್ ಶರ್ಟು ಮಿರುಗುತ್ತಿತ್ತು.

"ಬಡವರ ಬೆವರಿನ ಬಗ್ಗೆ ತಂಗಿ ಚಂದ ಮಾತಾಡಿದಳು. ನನಗೆ ಅಷ್ಟು ಬರುವುದಿಲ್ಲ. ಒಂದೇ ಒಂದು ಕೇಳ್ತೇನೆ. ಪೇಪರ್ ಓದಿದ್ದಕ್ಕೆ ಇವರ ಹತ್ತಿರ ಎಷ್ಟು ಕಟ್ಟು ಬೀಡಿ ತೆಗೆದುಕೊಳ್ತೀ ನೀನು?"

"ಒಂದು," ಅಂದಳು ಸ್ವರ್ಣಲತಾ ತಕ್ಷಣ. "ಅದು ಎಲ್ಲರಿಗೂ ಗೊತ್ತುಂಟು."

"ಒಂದಾ?"

"ಅವರನ್ನೇ ಕೇಳು. ಹೇಳಿ ನೀವು."

ಹೆಂಗಸರು ನೆಲ ನೋಡಿದರು. ಸ್ವರ್ಣಲತಾ ನಗುತ್ತಲೇ, "ಜುಲೈಕಕ್ಕ, ಹೇಳಿ," ಅಂದಳು.

ಜುಲೈಕಾ ತಲೆಯ ಮೇಲಿನ ಸೆರಗು ಎಳೆದುಕೊಂಡಳು. "ಎರಡು ಇಡ್ತೇವೆ ಮಗಳೇ. ಆಟಿಯಿಂದ."

ಹುಡುಗರ ಬದಿಯಲ್ಲಿ ಯಾರೋ ಶಿಳ್ಳೆ ಹಾಕಿದರು. "ಕಮಿಷನ್! ಕಮಿಷನ್!" ಎಂದು ಹಿಂದಿನಿಂದ ಕೂಗು ಬಂತು. ಸ್ವರ್ಣಲತಾಳ ನಗು ಮುಖದ ಮೇಲೆ ಹಾಗೆಯೇ ಇತ್ತು, ತೆಗೆಯಲು ಮರೆತವಳ ಹಾಗೆ. ಆಮೇಲೆ ಅವಳು ಮೆಲ್ಲಗೆ ಬಾಗಿಲ ಕಡೆ ತಿರುಗಿದಳು.

ಕಾಂತಿ ಕಂಬ ಹಿಡಿದುಕೊಂಡಳು. ನಾನು, ನಾನು ತೆಗೆದದ್ದು, ಅವಳಿಗೆ ಗೊತ್ತೇ ಇಲ್ಲ. ಅಷ್ಟು ಹೇಳಿದರೆ ಮುಗಿಯಿತು. ಹೊಸ್ತಿಲು ದಾಟಬೇಕಾಗಿಯೂ ಇರಲಿಲ್ಲ. ಅವಳು ಮಗನನ್ನು ನೋಡಿದಳು. ಅವನು ಧಣಿಯನ್ನು ನೋಡುತ್ತಿದ್ದ. ಅವಳು ಕಂಬದ ಮರೆಗೆ ಸರಿದಳು.

"ಎರಡಾದರೆ ಎರಡು," ಅಂದಳು ಸ್ವರ್ಣಲತಾ ಒಳಗೆ. "ತಿಂದದ್ದು ನಮ್ಮ ಮನೆಯೇ. ಬೇರೆ ಯಾರದ್ದೂ ಅಲ್ಲ. ಕೈ ಎತ್ತಿಸಿ."

ಕಮಲಾಕ್ಷನಿಗೆ ಹುಡುಗರೆಲ್ಲ ಎತ್ತಿದರು. ಸ್ವರ್ಣಲತಾಳಿಗೆ ಎಂದಾಗ ಹೆಂಗಸರ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಕೈ ಕಂಡಿತು. ಉಳಿದ ಕೈಗಳು ಮಡಿಲಲ್ಲೇ ಇದ್ದವು. ಜುಲೈಕಾಳದ್ದೂ.

ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಉಣ್ಣಲಿಲ್ಲ, ಶಂಭುವನ್ನು ಬಿಟ್ಟು. ಅವನು ಒಬ್ಬನೇ ಕೂತು ಹುರುಳಿ ಸಾರಿನಲ್ಲಿ ಅನ್ನ ಕಲಸುತ್ತ ಕೇಳಿದ, "ಅಕ್ಕ, ಆಟಿಯಿಂದ ಎರಡು ತೆಗೆದವಳು ಯಾರು?"

ಕಾಂತಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

"ಓದುವ ಮಗಳಿಗೆ ಬಾಯಿ ಉಂಟು, ಅಧ್ಯಕ್ಷ ಮಗನಿಗೆ ಬಾಯಿ ಉಂಟು. ನಿನಗೇ ಇಲ್ವಾ?" ಎಂದವನು ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದು ಕತ್ತಿ ತೆಗೆದುಕೊಂಡು ಹೋದ. ಅವನು ಊಟ ಬಿಟ್ಟು ಎದ್ದದ್ದನ್ನು ಕಾಂತಿ ಆವರೆಗೆ ನೋಡಿರಲಿಲ್ಲ.

ಕಮಲಾಕ್ಷ ಬ್ರಾಂಚಿನ ಮೇಜಿಗೆ ಕೂತ. ಮಂಡಲದ ಸೀಲು ಅವನ ಪೆಟ್ಟಿಗೆಗೆ ಬಂತು. ಅರ್ಜಿ ಬಂಟ್ವಾಳಕ್ಕೆ ಹೋಗಲಿಲ್ಲ. ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ, ಮಾವನಿಗೊಂದು ಲುಂಗಿ, ತಂಗಿಗೊಂದು ಪೆನ್ನು ತಂದ. ತಂಗಿ ಪೆನ್ನನ್ನು ಕಿಟಕಿಯ ಮೇಲಿಟ್ಟಳು. ಅದು ಅಲ್ಲೇ ಇತ್ತು. ಅವಳು ಈಗ ಅಣ್ಣನಿಗೂ ಬಡಿಸುತ್ತಿದ್ದಳು, ಉಪ್ಪು ಬೇಕಾ ಎಂದೂ ಕೇಳುತ್ತಿದ್ದಳು. ಆ ಮರ್ಯಾದೆಯನ್ನೇ ಕಾಂತಿಗೆ ತಡೆದುಕೊಳ್ಳಲಾಗಲಿಲ್ಲ. ಮಧ್ಯಾಹ್ನ ಜಗಲಿಗೆ ಯಾರೂ ಬರುತ್ತಿರಲಿಲ್ಲ. ತಾಯಿ ಮಗಳು ಇಬ್ಬರೇ, ಎರಡು ತಡ್ಪೆ ಇಟ್ಟುಕೊಂಡು, ಕತ್ತರಿಯ ಸದ್ದಿನಲ್ಲಿ.

ಒಂದು ದಿನ ಕಾಂತಿಯೇ ಬಾಯಿಬಿಟ್ಟಳು. "ಪೇಪರ್ ಉಂಟಲ್ಲ ಸ್ವರ್ಣಾ. ನನಗಾದರೂ ಓದಿ ಹೇಳು."

"ನಿನಗೆ ಕೇಳ್ಬೇಕಾ?"

"ಹೂಂ."

ಸ್ವರ್ಣಲತಾ ಎಲೆಗೆ ಸೊಪ್ಪು ತುಂಬಿ, ಸುರುಳಿ ಸುತ್ತಿ, ಬಾಯಿ ಮಡಚಿದಳು. "ನೀನು ಕಂಬದ ಹತ್ತಿರ ಇದ್ದೆ. ನಾನು ನೋಡಿದೆ. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಸ್ವಲ್ಪ ಹೊತ್ತು ನಿಂತೆ."

"ಅವನ ಕೆಲಸ..."

"ಗೊತ್ತುಂಟಮ್ಮ."

"ನೀನಾದರೂ ಹೇಳಬಹುದಿತ್ತು, ಅಮ್ಮ ತೆಗೆದದ್ದು ಅಂತ."

"ಅಷ್ಟು ಜನರ ಎದುರು ನಿನ್ನನ್ನು ಕಳ್ಳಿ ಅನ್ನಬೇಕಿತ್ತಾ?" ಅಂದಳು ಮಗಳು. ಧ್ವನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ನೂಲು ಬಿಗಿದು ಬೀಡಿಯನ್ನು ತಡ್ಪೆಗೆ ಹಾಕಿದಳು. ಪತ್ರಿಕೆ ಓದಲಿಲ್ಲ.

ಮರುದಿನದಿಂದ ಕಾಂತಿ ಬೆಳಕು ಹರಿಯುವ ಮೊದಲೇ ಏಳತೊಡಗಿದಳು. ಒಲೆಗೆ ಗಂಜಿ ಇಟ್ಟು, ಅದು ಬೇಯುವವರೆಗೆ ಬೀಡಿ. ಉಂಡ ಮೇಲೆ ಬೀಡಿ. ಬೆನ್ನು ನೋವಿಗೆ ಹರಳೆಣ್ಣೆ ಹಚ್ಚಿ ಮತ್ತೆ ಬೀಡಿ. ಯಾಕೆ ಎಂದು ಯಾರೂ ಕೇಳಲಿಲ್ಲ. ಆಟಿಯಿಂದ ಹೆಚ್ಚಾಗಿ ತೆಗೆದದ್ದನ್ನೆಲ್ಲ ಕಟ್ಟಿ ಮುಗಿಸುವಷ್ಟರಲ್ಲಿ ಗದ್ದೆಗಳಲ್ಲಿ ಎರಡನೇ ಬೆಳೆಯ ಭತ್ತದ ನೇಜಿ ನೆಟ್ಟಾಗಿತ್ತು.

ಬುಟ್ಟಿ ತುಂಬಿಕೊಂಡು ಅವಳು ಮೊದಲು ಹೋದದ್ದು ಜುಲೈಕಾಳ ಮನೆಗೆ. ಹೆಂಗಸರೆಲ್ಲ ಅಲ್ಲೇ ಇದ್ದರು. ಕಾಂತಿಯ ಜಗಲಿ ಬಿಟ್ಟ ಮೇಲೆ ಅವರು ಕೂರುತ್ತಿದ್ದುದು ಜುಲೈಕಾಳ ಚಾವಡಿಯಲ್ಲಿ. ಓದುವವರಿಲ್ಲ. ಜುಲೈಕಾಳ ಗಂಡ ಹಸೈನಾರ್ ಫರಂಗಿಪೇಟೆಯಿಂದ ತಂದ ಟ್ರಾನ್ಸಿಸ್ಟರು ಮೂಲೆಯಲ್ಲಿ ಗೊರಗೊರ ಅನ್ನುತ್ತಿತ್ತು.

"ಬನ್ನಿ ಕಾಂತಿಯಕ್ಕ, ಕೂತುಕೊಳ್ಳಿ. ಚಾ ಮಾಡ್ತೇನೆ."

"ಚಾ ಬೇಡ." ಕಾಂತಿ ಬುಟ್ಟಿ ಇಳಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಎಲ್ಲ ಒಟ್ಟಿಗೆ ಬಂತು. "ಎರಡು ಇಡಿ ಅಂದವಳು ನಾನು. ಸ್ವರ್ಣಳಿಗೆ ಗೊತ್ತಿರಲಿಲ್ಲ. ದೈವದಾಣೆ ಗೊತ್ತಿರಲಿಲ್ಲ. ಧಣಿಗೆ ಹೇಳಿದವಳೂ ನಾನೇ. ನಿಮ್ಮದೆಲ್ಲ ಇದರಲ್ಲಿ ಉಂಟು. ತೆಗೆದುಕೊಳ್ಳಿ. ನಾಳೆಯಿಂದ ನಮ್ಮ ಜಗಲಿಗೆ ಬನ್ನಿ. ಅವಳು ಓದಿ ಹೇಳ್ತಾಳೆ."

ಯಾರ ಕತ್ತರಿಯೂ ನಿಲ್ಲಲಿಲ್ಲ. ಜುಲೈಕಾ ಟ್ರಾನ್ಸಿಸ್ಟರಿನ ಕಿವಿ ತಿರುಗಿಸಿ ಸದ್ದು ನಿಲ್ಲಿಸಿದಳು.

"ಗೊತ್ತಿತ್ತು ಕಾಂತಿಯಕ್ಕ."

"ಯಾವಾಗ ಗೊತ್ತಾದದ್ದು?"

"ಯಾವಾಗ ಅಂದರೆ? ಬುಟ್ಟಿ ಹಿಡಿದು ನಿಂತವರು ನೀವಲ್ಲವಾ? ಆ ಹುಡುಗಿ ಬಾವಿಯಿಂದ ಬರುವ ಮೊದಲು ಬೇಗ ಬೇಗ ಇಡಿ ಅಂತಿದ್ದಿರಿ. ಅವಳಿಗೆ ಗೊತ್ತಿಲ್ಲ ಅಂತ ನಮಗೆಲ್ಲ ಗೊತ್ತಿತ್ತು."

"ಹಾಗಾದರೆ ಅವಳಿಗೆ ಕೈ ಯಾಕೆ ಎತ್ತಲಿಲ್ಲ? ನೀನು ಯಾಕೆ ಎತ್ತಲಿಲ್ಲ ಜುಲೈಕಾ?"

"ಧಣಿ ಎದುರಿಗೇ ಕೂತಿದ್ದರು. ಒಂದೊಂದೇ ಮುಖ ನೋಡ್ತಿದ್ದರು. ಮರುದಿನ ನಮ್ಮ ಬುಟ್ಟಿಯನ್ನು ಅವರ ಮೇಜಿನ ಮೇಲೇ ಇಡಬೇಕಲ್ಲ?" ಜುಲೈಕಾ ಎಲೆಯ ನಾರು ತೆಗೆಯುತ್ತ, ತಲೆ ಎತ್ತದೆ ಹೇಳಿದಳು. "ಅಲ್ಲಿಗೆ ಬರುವಾಗಲೇ ಹೆದರಿಕೆ ಇತ್ತು. ಎತ್ತಿದರೆ ಹೊಟ್ಟೆಗೆ ಪೆಟ್ಟು. ಎತ್ತದಿದ್ದರೆ ನಾಳೆ ಆ ಹುಡುಗಿಯ ಮುಖ ನೋಡುವುದು ಹೇಗೆ? ಅಷ್ಟರಲ್ಲಿ ಎರಡು ಕಟ್ಟಿನ ಮಾತು ಬಂತು. ನಮಗೆ ಒಂದು ನೆಪ ಸಿಕ್ಕಿತು ಕಾಂತಿಯಕ್ಕ. ಮೋಸ ಮಾಡಿದವಳಿಗೆ ಎತ್ತಲಿಲ್ಲ ಅಂತ ಮನೆಗೆ ಹೋಗಿ ಮಲಗಿದೆವು."

ಕಾಂತಿ ಬುಟ್ಟಿಯನ್ನು ಅವಳ ಕಡೆ ಸರಿಸಿದಳು. "ಇದನ್ನಾದರೂ ತೆಗೆದುಕೊಳ್ಳಿ."

"ಬೇಡ."

"ನಿಮ್ಮದೇ ಅಲ್ಲವಾ?"

"ನಮ್ಮದೇ. ಅದನ್ನು ವಾಪಸು ತೆಗೆದುಕೊಂಡರೆ, ಕೈ ಎತ್ತದೆ ಇದ್ದದ್ದಕ್ಕೆ ನಮ್ಮ ಹತ್ತಿರ ಹೇಳ್ಲಿಕ್ಕೆ ಎಂತ ಉಳೀತದೆ?"

ಜುಲೈಕಾ ತಡ್ಪೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಕಾಂತಿ ಬಗ್ಗಿ ಬುಟ್ಟಿಯ ಅಂಚು ಹಿಡಿದಳು. ತಲೆಗೆ ಏರಿಸುವಾಗ ಇನ್ನೊಂದು ಕೈ ಬೇಕು; ಅವರಲ್ಲಿ ಯಾರಾದರೂ ಒಬ್ಬಳು ಏಳುತ್ತಿದ್ದದ್ದು ವಾಡಿಕೆ. ಅವಳು ಸ್ವಲ್ಪ ಕಾದಳು. ಆಮೇಲೆ ಒಬ್ಬಳೇ, ಮೊದಲು ಮೊಣಕಾಲಿಗೆ, ಅಲ್ಲಿಂದ ಸೊಂಟಕ್ಕೆ ಏರಿಸಿಕೊಂಡು ಹೊರಟಳು.